ಮಗು ಅತ್ತರೆ ಗೆಲುವು, ಸಿಹಿ ಎಲ್ಲ ದೊಡ್ಡಮ್ಮನಿಗೆ: ಜಪಾನಿನ ದಿನಚರಿ

ಮಕ್ಕಳ ಹುಟ್ಟುಹಬ್ಬಕ್ಕೆ, ಮಕ್ಕಳ ಹಬ್ಬಕ್ಕೆ ಅಂತ ಜಪಾನಿನಲ್ಲಿ ಬಗೆಬಗೆಯ ಸಿಹಿ ಮಾಡುತ್ತಾರೆ. ಆದರೆ ಎಳೆಮಕ್ಕಳಿಗೆ ಅದನ್ನು ತಿನ್ನಿಸುವ ಹಾಗಿಲ್ಲ. ಮೋಚಿ ಅನ್ನುವ ಅಂಟಕ್ಕಿಯ ಮುದ್ದೆ ಗಂಟಲಿಗೆ ಅಂಟಿಕೊಳ್ಳುತ್ತದೆ. ಜೇನುತುಪ್ಪ ವರ್ಷ ತುಂಬುವವರೆಗೆ ಅಪಾಯ. ಬುಲೆಟ್ ರೈಲಿನ ಗಟ್ಟಿ ಐಸ್‌ಕ್ರೀಂ ಚಮಚಕ್ಕೇ ಬಗ್ಗುವುದಿಲ್ಲ. ಹಾಗಾಗಿ ಮಗುವಿನ ಪಾಲನ್ನು ಪಕ್ಕದಲ್ಲಿರುವ ದೊಡ್ಡವರೇ ಮುಗಿಸಬೇಕು. ಏಪ್ರಿಲ್ ಕೊನೆಯಿಂದ ಮೇ 5ರವರೆಗೆ ಆ ಜವಾಬ್ದಾರಿ ನನಗೆ ಸಿಕ್ಕಿತ್ತು. ಟೋಕಿಯೊದಲ್ಲಿರುವ ತಂಗಿಯ ಮಗಳಿಗೆ ವರ್ಷ ತುಂಬುವುದಿತ್ತು. ನಾನು ಅವಳ ದೊಡ್ಡಮ್ಮ. ಮಗುವನ್ನು ಇಲ್ಲಿ ಪುಟ್ಟಿ ಅಂತಲೇ ಕರೆಯುತ್ತೇನೆ.

ಶುಕ್ರವಾರ, ನಿಶಿ ಕಸಾಯಿ

ಬೆಂಗಳೂರಿನಿಂದ ಟೋಕಿಯೊದ ನರಿತಾಗೆ ನೇರ ವಿಮಾನವಿದೆ. ರಾತ್ರಿ ಹತ್ತಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಬೇರೆ ದೇಶ. ತಂಗಿ ಇರುವ ನಿಶಿ ಕಸಾಯಿಯಲ್ಲಿ ನಮ್ಮ ದೇಶದವರು ಎಷ್ಟಿದ್ದಾರೆ ಅಂದರೆ, ತೊಗರಿಬೇಳೆಗಾಗಿ ಊರೆಲ್ಲ ಅಲೆಯಬೇಕಾಗಿಲ್ಲ.

ಪುಟ್ಟಿ ನನ್ನನ್ನು ರೆಪ್ಪೆ ಬಡಿಯದೆ ನೋಡಿದಳು. ನಿಜವಾಗಿಯೂ ಬಡಿಯಲಿಲ್ಲ. ದೊಡ್ಡವರು ನಿಮಿಷಕ್ಕೆ ಸುಮಾರು 15 ಸಲ ಕಣ್ಣು ಮಿಟುಕಿಸುತ್ತೇವೆ, ಎಳೆಮಕ್ಕಳು ಎರಡು ಮೂರು ಸಲ ಮಾತ್ರ. ಅದಕ್ಕೇ ಇರಬೇಕು, ಮಕ್ಕಳು ನೋಡುವಾಗ ನಮ್ಮ ಲೆಕ್ಕಪತ್ರವನ್ನೆಲ್ಲ ತಪಾಸಣೆ ಮಾಡುತ್ತಿರುವ ಹಾಗೆ ಅನ್ನಿಸುವುದು.

ಸಂಜೆ ಸ್ನಾನ ಮಾಡಿಸುವಾಗ ಅವಳ ಸೊಂಟದ ಕೆಳಗೆ ನೀಲಿ ಮಚ್ಚೆ ಕಂಡಿತು. ನಮ್ಮ ಮಕ್ಕಳಲ್ಲಿ ಇದು ಸಾಮಾನ್ಯ, ಜಪಾನಿನ ಮಕ್ಕಳಲ್ಲೂ ಅಷ್ಟೇ. ಬಣ್ಣ ಕೊಡುವ ಜೀವಕೋಶಗಳು ಚರ್ಮದ ಒಳಪದರದಲ್ಲೇ ಉಳಿದುಬಿಟ್ಟರೆ ಹೊರಗೆ ನೀಲಿಯಾಗಿ ಕಾಣುತ್ತದೆ. ಕೆಲವೇ ವರ್ಷದಲ್ಲಿ ಮಾಸಿಹೋಗುತ್ತದೆ. ಜಪಾನಿನಲ್ಲಿ ಕೆಲಸ ಮಾಡುತ್ತಿದ್ದ ಜರ್ಮನ್ ವೈದ್ಯ ಎರ್ವಿನ್ ಬೆಲ್ಜ್ 1885ರಲ್ಲಿ ಇದನ್ನು ವಿವರಿಸಿ 'ಮಂಗೋಲಿಯನ್ ಮಚ್ಚೆ' ಅಂತ ಹೆಸರಿಟ್ಟ. ಪಶ್ಚಿಮದ ದೇಶಗಳಲ್ಲಿ ಇದನ್ನು ಪೆಟ್ಟಿನ ಗುರುತು ಅಂದುಕೊಂಡು ಅಪ್ಪ ಅಮ್ಮನನ್ನು ಪ್ರಶ್ನೆ ಮಾಡಿದ್ದೂ ಉಂಟು. ಇಲ್ಲಿಯ ದಾದಿಯರು ತಿರುಗಿಯೂ ನೋಡುವುದಿಲ್ಲವಂತೆ.

ಪಕ್ಕದ ಮನೆಯ ಜಪಾನಿ ಅಜ್ಜಿಗೆ ಪುಟ್ಟಿಯ ನಿಜವಾದ ಹೆಸರಿನಲ್ಲಿರುವ 'ಲ' ಹೊರಡುವುದಿಲ್ಲ, 'ರ' ಅನ್ನುತ್ತಾರೆ. ಇದರಲ್ಲೂ ಒಂದು ಸ್ವಾರಸ್ಯವಿದೆ. ಆರೇಳು ತಿಂಗಳ ಜಪಾನಿ ಮಗು ಇಂಗ್ಲಿಷಿನ ರ, ಲ ಎರಡನ್ನೂ ಅಮೆರಿಕದ ಮಗುವಿನಷ್ಟೇ ಚೆನ್ನಾಗಿ ಬೇರೆ ಮಾಡಿ ಕೇಳಿಸಿಕೊಳ್ಳುತ್ತದೆ. ವರ್ಷ ತುಂಬುವ ಹೊತ್ತಿಗೆ ಆ ಚುರುಕು ಕಡಿಮೆಯಾಗುತ್ತದೆ. ಮನೆಯ ಭಾಷೆಗೆ ಬೇಡವಾದ ವ್ಯತ್ಯಾಸವನ್ನು ಕಿವಿ ಕೈಬಿಡುತ್ತದೆ. ಅಮೆರಿಕದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಇನ್ನೂ ಮಜಾ ಅಂದರೆ 2009ರ ಒಂದು ಅಧ್ಯಯನ: ಹುಟ್ಟಿ ಕೆಲವೇ ದಿನಗಳಾದ ಫ್ರೆಂಚ್ ಶಿಶುಗಳ ಅಳು ಕೆಳಗಿಂದ ಮೇಲಕ್ಕೆ ಏರುತ್ತಿತ್ತು, ಜರ್ಮನ್ ಶಿಶುಗಳ ಅಳು ಮೇಲಿಂದ ಕೆಳಕ್ಕೆ ಇಳಿಯುತ್ತಿತ್ತು. ಹೊಟ್ಟೆಯಲ್ಲಿದ್ದಾಗ ಕೇಳಿದ ತಾಯಿಯ ಮಾತಿನ ಧಾಟಿ ಅದು. ಹಾಗಾದರೆ ಪುಟ್ಟಿ ಅತ್ತಿದ್ದು ಮೈಸೂರು ಧಾಟಿಯಲ್ಲಿ. ನನಗಂತೂ ಸಂಶಯವಿಲ್ಲ.

ಶನಿವಾರ, ಅಸಾಕುಸಾ

ಅಸಾಕುಸಾದ ಸೆನ್ಸೋಜಿ ಟೋಕಿಯೊದ ಅತ್ಯಂತ ಹಳೆಯ ಬೌದ್ಧ ದೇವಾಲಯ. ಕೆಂಪು ಲಾಂದ್ರ ತೂಗುವ ದೊಡ್ಡ ಬಾಗಿಲು ದಾಟಿದರೆ ನಕಾಮಿಸೆ ಅನ್ನುವ ಅಂಗಡಿ ಬೀದಿ. ಸುಮಾರು 250 ಮೀಟರ್ ಉದ್ದ. ದೇವರ ಹತ್ತಿರ ಹೋಗುವಷ್ಟರಲ್ಲಿ ಕೈಯಲ್ಲಿ ಪೊಟ್ಟಣ ತುಂಬಿರುತ್ತದೆ. ನಾನು ಕೊಂಡದ್ದು ನಿಂಗ್ಯೋ ಯಾಕಿ. ಹಿಟ್ಟನ್ನು ಗೊಂಬೆ ಮುಖದ ಅಚ್ಚಿಗೆ ಹುಯ್ದು, ಒಳಗೆ ಅಜುಕಿ ಕಾಳಿನ ಸಿಹಿ ಹೂರಣ ಇಟ್ಟು ಸುಡುತ್ತಾರೆ. ಬಿಸಿಬಿಸಿ ಇದ್ದಾಗಲೇ ತಿನ್ನಬೇಕು, ಆರಿದರೆ ಸುಮಾರು. ಮೊಟ್ಟೆ ತಿನ್ನದವರು ಕೇಳಿಕೊಂಡು ಕೊಳ್ಳುವುದು ಒಳ್ಳೆಯದು, ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ.

ನಾವು ಹೋಗಿದ್ದು ಮಕ್ಕಳ ಅಳುವ ಸುಮೋ ನೋಡಲು. ನಾಕಿಸುಮೋ ಅಂತ ಹೆಸರು. ಜಪಾನಿನ ಎಷ್ಟೋ ಊರುಗಳಲ್ಲಿ ನಡೆಯುತ್ತದೆ, ಸೆನ್ಸೋಜಿಯಲ್ಲಿ ಏಪ್ರಿಲ್ ಕೊನೆಗೆ. ಕೊರೊನಾ ಕಾಲದಲ್ಲಿ ನಿಂತುಹೋಗಿ 2023ರಲ್ಲಿ ಮತ್ತೆ ಶುರುವಾಯಿತು. ಇಬ್ಬರು ಸುಮೋ ಪೈಲ್ವಾನರು ಒಂದೊಂದು ಮಗುವನ್ನು ಎತ್ತಿಕೊಂಡು ಕಣಕ್ಕೆ ಬರುತ್ತಾರೆ. ಎದುರುಬದುರು ಹಿಡಿದು ಮೆಲ್ಲಗೆ ಆಡಿಸುತ್ತಾರೆ. ತೀರ್ಪುಗಾರ ಬಗ್ಗಿ "ನಾಕಿ! ನಾಕಿ!" ಅನ್ನುತ್ತಾನೆ, ಅಳು ಅಳು ಅಂತ. ಮೊದಲು ಅತ್ತ ಮಗು ಗೆದ್ದಂತೆ. ಇಬ್ಬರೂ ಒಟ್ಟಿಗೆ ಅತ್ತರೆ ಜೋರಾಗಿ ಅತ್ತವರು. ಯಾರೂ ಅಳದಿದ್ದರೆ ರಾಕ್ಷಸನ ಮುಖವಾಡ ಹೊರಗೆ ಬರುತ್ತದೆ. ಕೆಲವು ಊರುಗಳಲ್ಲಿ ನಿಯಮ ಉಲ್ಟಾ, ಮೊದಲು ಅತ್ತವರೇ ಸೋತರು. ಅತ್ತ ಮಗು ಚೆನ್ನಾಗಿ ಬೆಳೆಯುತ್ತದೆ ಅನ್ನುವುದು ಇಲ್ಲಿಯ ಗಾದೆ. ಗಟ್ಟಿ ಅಳುವಿಗೆ ಕೆಟ್ಟದ್ದು ಹತ್ತಿರ ಸುಳಿಯದು ಅನ್ನುವ ನಂಬಿಕೆಯೂ ಇದೆ.

ನಾನು ನೋಡಿದ ಜೋಡಿಗಳಲ್ಲಿ ಒಂದು ಮಗು ಪೈಲ್ವಾನನ ತೋಳಿನಲ್ಲಿ ನಿದ್ದೆ ಹೋಯಿತು. ಇನ್ನೊಂದು ರಾಕ್ಷಸನ ಮೂಗು ಹಿಡಿದು ಕೇಕೆ ಹಾಕಿತು. ಎದುರಾಳಿ ಮಾತ್ರ ಕಣಕ್ಕೆ ಬರುವ ಮೊದಲೇ ಅಳಲು ಶುರುಮಾಡಿದ್ದ, ಆಟ ಮುಗಿದ ಮೇಲೂ ನಿಲ್ಲಿಸಲಿಲ್ಲ. ಪೈಲ್ವಾನರದ್ದೇ ಪಾಪ. ಅಷ್ಟು ದೊಡ್ಡ ಆಳು, ಮಗು ಜಾರೀತು ಅಂತ ಮೈಯೆಲ್ಲ ಬಿಗಿಹಿಡಿದು ನಿಂತಿದ್ದರು. ಮೊದಲೇ ಹೆಸರು ಕೊಟ್ಟ ಮಕ್ಕಳಿಗೆ ಮಾತ್ರ ಅವಕಾಶ. ಪುಟ್ಟಿ ಪ್ರೇಕ್ಷಕರ ಸಾಲಿನಲ್ಲಿದ್ದಳು. ಆದರೂ ರಾಕ್ಷಸನನ್ನು ಕಂಡು ಅವಳು ಅತ್ತ ಅಳುವಿಗೆ ಕಣದಲ್ಲಿದ್ದ ತೀರ್ಪುಗಾರನೂ ತಿರುಗಿ ನೋಡಿದ. ತಂಗಿ "ನೋಡು ಅಕ್ಕ, ಇವಳೇ ಚಾಂಪಿಯನ್" ಅಂದಳು.

ಈ ಸ್ಪರ್ಧೆಗೆ ತೀರಾ ಹಸುಗೂಸುಗಳನ್ನು ಕರೆತಂದರೆ ಒಂದು ತೊಂದರೆ: ಕಣ್ಣೀರೇ ಬರುವುದಿಲ್ಲ. ಹುಟ್ಟಿದ ಮೊದಲ ಕೆಲವು ವಾರ ಮಗು ಎಷ್ಟೇ ಅತ್ತರೂ ಕೆನ್ನೆ ಒಣಗಿರುತ್ತದೆ. ಕಣ್ಣು ಒದ್ದೆಯಾಗುವಷ್ಟು ನೀರು ಮಾತ್ರ ಬರುತ್ತದೆ, ಸುರಿಯುವಷ್ಟು ಬರಲು ತಿಂಗಳೋ ಎರಡೋ ಬೇಕು. ಅಳುವಿನ ಹೊತ್ತು ದಿನದಿನಕ್ಕೆ ಏರುತ್ತಾ ಸುಮಾರು ಆರು ವಾರಕ್ಕೆ ತುದಿ ಮುಟ್ಟುತ್ತದೆ. ಆಮೇಲೆ ಮೂರು ನಾಲ್ಕು ತಿಂಗಳಿಗೆ ತಗ್ಗುತ್ತದೆ. ಬಾಣಂತಿ ಮನೆಯಲ್ಲಿ ನಿದ್ದೆಗೆಟ್ಟವರಿಗೆ ಈ ಲೆಕ್ಕವನ್ನು ಯಾರಾದರೂ ಮೊದಲೇ ಹೇಳಬೇಕು.

ಭಾನುವಾರ, ಪುಟ್ಟಿಯ ಹುಟ್ಟುಹಬ್ಬ

ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ ದೊಡ್ಡ ಡಬ್ಬಿಯೊಂದಿಗೆ ಬಂದರು. ಒಳಗೆ ಬಿಳಿಯ, ದುಂಡಗಿನ, ಮೊಸಳೆ ಮಲಗಿದರೂ ಬಗ್ಗದಂಥ ಮೋಚಿ. ಅದನ್ನು ಬಟ್ಟೆಯಲ್ಲಿ ಕಟ್ಟಿ ಪುಟ್ಟಿಯ ಬೆನ್ನಿಗೆ ಬಿಗಿದರು. ಇದು ಇಶ್ಶೋ ಮೋಚಿ. ವರ್ಷ ತುಂಬಿದ ಮಗು ಸುಮಾರು ಎರಡು ಕಿಲೋ ತೂಕದ ಮೋಚಿ ಹೊತ್ತು ನಿಲ್ಲಬೇಕು, ಸಾಧ್ಯವಾದರೆ ನಡೆಯಬೇಕು. ಜೀವಮಾನವಿಡೀ ಊಟಕ್ಕೆ ಕೊರತೆ ಬಾರದಿರಲಿ ಅಂತ ಹರಕೆ.

ಪುಟ್ಟಿಯ ತೂಕ ಒಂಬತ್ತು ಕಿಲೋ. ಲೆಕ್ಕ ಹಾಕಿದರೆ ನನ್ನ ಬೆನ್ನಿಗೆ ಹನ್ನೆರಡು ಕಿಲೋ ಅಕ್ಕಿ ಮೂಟೆ ಕಟ್ಟಿ ನಡೆ ಅಂದಂತೆ. ಅದೂ ನಡೆಯಲು ಇನ್ನೂ ಕಲಿಯದೆ ಇರುವಾಗ. ಅವಳು ಎದ್ದಳು, ಎರಡು ಕ್ಷಣ ನಿಂತಳು, ಹಿಂದಕ್ಕೆ ದೊಪ್ಪನೆ ಕೂತಳು. ಎಲ್ಲರೂ ಚಪ್ಪಾಳೆ. ಬಿದ್ದರೂ ಶುಭ, ನಿಂತರೂ ಶುಭ ಅಂದರು ಅಜ್ಜಿ. ಸೋಲೇ ಇಲ್ಲದ ಇಂಥ ಪಂದ್ಯಗಳು ನನಗೆ ತುಂಬಾ ಇಷ್ಟ.

ಆಮೇಲೆ ಎರಾಬಿತೋರಿ. ಮಗುವಿನ ಮುಂದೆ ಪೆನ್ನು, ಲೆಕ್ಕದ ಮಣಿಚೌಕಟ್ಟು, ಕತ್ತರಿ, ಚೆಂಡು ಹರಡುತ್ತಾರೆ. ಯಾವುದನ್ನು ಮುಟ್ಟುತ್ತದೋ ಅದೇ ಮುಂದಿನ ವೃತ್ತಿ. ವೀಡಿಯೊ ಕರೆಯಲ್ಲಿದ್ದ ಅಮ್ಮ "ಇದು ನಮ್ಮಲ್ಲೂ ಉಂಟಲ್ಲ! ಅನ್ನಪ್ರಾಶನದ ದಿನ ನಿನಗೂ ಇಟ್ಟಿದ್ವಿ, ನೀನು ಪುಸ್ತಕ ಬಿಟ್ಟು ಲಾಡು ಹಿಡಿದೆ" ಅಂದರು. ಆ ಭವಿಷ್ಯ ಸುಳ್ಳಾಗಿಲ್ಲ. ಪುಟ್ಟಿ ಚೆಂಡಿನತ್ತ ಅಂಬೆಗಾಲಿಟ್ಟು ಓಡಿದಳು.

ಅಂಬೆಗಾಲಿಗೂ ಇಲ್ಲಿ ಪಂದ್ಯವಿದೆ. ಯೊಕೊಹಾಮಾದಲ್ಲಿ 2016ರ ನವೆಂಬರಿನಲ್ಲಿ 601 ಮಕ್ಕಳು ಅಂಬೆಗಾಲು ಸ್ಪರ್ಧೆಯಲ್ಲಿ ಭಾಗವಹಿಸಿ ಗಿನ್ನೆಸ್ ದಾಖಲೆ ಮಾಡಿದರು. ಮಂಡಿ ನೋಯುವುದಿಲ್ಲವಾ ಅಂತ ಕೇಳಬಹುದು. ಆ ವಯಸ್ಸಿನಲ್ಲಿ ಮಂಡಿಚಿಪ್ಪು ಇನ್ನೂ ಎಲುಬಾಗಿರುವುದಿಲ್ಲ, ಮೆತ್ತನೆಯ ಮೃದ್ವಸ್ಥಿ. ಗಟ್ಟಿಯಾಗಲು ಶುರುವಾಗುವುದು ಸಾಮಾನ್ಯವಾಗಿ ಮೂರು ವರ್ಷದ ಹೊತ್ತಿಗೆ.

ತಂಗಿ ಹಳೆಯ ಫೋಟೋ ತೋರಿಸಿದಳು. ಪುಟ್ಟಿಗೆ ನೂರು ದಿನವಾದಾಗ ಮಾಡಿದ ಓಕುಇಝೋಮೆ. ತಟ್ಟೆಯಲ್ಲಿ ಊಟ ಇಟ್ಟು ಮಗುವಿನ ತುಟಿಗೆ ಸುಮ್ನೆ ತಾಗಿಸುತ್ತಾರೆ. ಜೊತೆಗೆ ಒಂದು ಬೆಣಚುಕಲ್ಲು. ಕಲ್ಲಿಗೆ ಮುಟ್ಟಿಸಿದ ಕಡ್ಡಿಯನ್ನು ವಸಡಿಗೆ ಸೋಕಿಸಿ, ಹಲ್ಲು ಇಷ್ಟು ಗಟ್ಟಿಯಾಗಲಿ ಅನ್ನುತ್ತಾರೆ. ಆಗ ಮಗುವಿನ ಬಾಯಿ ಬೊಚ್ಚು ಅಂತ ಕಂಡರೂ ಅದು ಹುಟ್ಟುವ ಮೊದಲೇ 20 ಹಾಲುಹಲ್ಲುಗಳು ವಸಡಿನೊಳಗೆ ರೂಪುಗೊಳ್ಳಲು ಶುರುವಾಗಿರುತ್ತವೆ.

ಇಷ್ಟೆಲ್ಲ ಆಗಿ ಆ ಎರಡು ಕಿಲೋ ಮೋಚಿಯನ್ನು ಯಾರು ತಿಂದರು? ಪುಟ್ಟಿಗೆ ಒಂದು ಚೂರೂ ಇಲ್ಲ. ಹೊಸವರ್ಷದ ಹೊತ್ತಿಗೆ ಮೋಚಿ ಸಿಕ್ಕಿಕೊಂಡು ಮುದುಕರು ಸಾಯುವ ಸುದ್ದಿ ಜಪಾನಿನ ಪತ್ರಿಕೆಗಳಲ್ಲಿ ಪ್ರತಿವರ್ಷ ಬರುತ್ತದೆ, ಹಸುಳೆಗಂತೂ ಕೊಡುವ ಮಾತೇ ಇಲ್ಲ. ನಾವು ಕತ್ತರಿಸಿ, ಸುಟ್ಟು, ಸೋಯಾ ಸಾಸ್ ಮತ್ತು ಸಕ್ಕರೆ ಸವರಿ ರಾತ್ರಿಯವರೆಗೂ ತಿಂದೆವು.

ಜೇನುತುಪ್ಪದ ವಿಷಯವೂ ಅವತ್ತೇ ಬಂತು. ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವುದು ನಮ್ಮ ಹಳೆಯ ರೂಢಿ. ಜೇನಿನಲ್ಲಿ ಬಾಟ್ಯುಲಿಸಂ ಬ್ಯಾಕ್ಟೀರಿಯದ ಬೀಜಾಣು ಇರಬಹುದು. ದೊಡ್ಡವರ ಕರುಳಿಗೆ ಅದು ಲೆಕ್ಕಕ್ಕಿಲ್ಲ, ವರ್ಷದೊಳಗಿನ ಮಗುವಿನ ಕರುಳಲ್ಲಿ ಮಾತ್ರ ಮೊಳೆತು ವಿಷ ಮಾಡುತ್ತದೆ. 2017ರಲ್ಲಿ ಟೋಕಿಯೊದಲ್ಲೇ ಆರು ತಿಂಗಳ ಮಗುವೊಂದು ಇದರಿಂದ ತೀರಿಕೊಂಡಿತು. ಅಂಗಡಿಯ ಜೇನು ಬಾಟಲಿಗಳ ಮೇಲೆ ಎಚ್ಚರಿಕೆ ಬರೆದೇ ಇರುತ್ತದೆ. ಅಮ್ಮ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸದ್ಯ, ನಿಮಗೆಲ್ಲ ಸಕ್ಕರೆನೀರು ಹಾಕಿದ್ದು" ಅಂದರು. ಹಾಗಂತ ಸಕ್ಕರೆನೀರನ್ನೂ ಮನೆಯಲ್ಲಿ ಹಾಕುವುದು ಬೇಡ. ಆಸ್ಪತ್ರೆಗಳಲ್ಲಿ ಮಾತ್ರ ಹಸುಗೂಸಿನ ಹಿಮ್ಮಡಿಯಿಂದ ರಕ್ತ ತೆಗೆಯುವ ಮೊದಲು ಒಂದೆರಡು ಹನಿ ಕೊಡುವುದುಂಟು. ಸಿಹಿಗೆ ಅಳು ಕಡಿಮೆಯಾಗುತ್ತದೆ. ಸಿಹಿಯ ಆಸೆ ನಾವು ಕಲಿತದ್ದಲ್ಲ, ಹುಟ್ಟುವಾಗಲೇ ತಂದದ್ದು. ತಾಯಿಹಾಲೇ ಸಿಹಿ, ನೂರು ಮಿಲಿಲೀಟರಿಗೆ ಸುಮಾರು ಏಳು ಗ್ರಾಂ ಲ್ಯಾಕ್ಟೋಸ್.

ಸೋಮವಾರ, ರ್ಯೋಗೋಕು

ರ್ಯೋಗೋಕು ಸುಮೋದ ಬೀಡು. ದೊಡ್ಡ ಕ್ರೀಡಾಂಗಣ ಕೊಕುಗಿಕಾನ್ ಇಲ್ಲೇ ಇರುವುದು. ವರ್ಷಕ್ಕೆ ಆರು ದೊಡ್ಡ ಪಂದ್ಯಾವಳಿ, ಒಂದೊಂದೂ 15 ದಿನ. ಮೇ ತಿಂಗಳಿನದು ನಾನು ವಾಪಸಾದ ಮೇಲೆ. ಅದಕ್ಕೇ ಗರಡಿಯೊಂದರ ಬೆಳಗಿನ ತಾಲೀಮನ್ನು ನೋಡಿ ತೃಪ್ತಿಪಟ್ಟೆವು. ಕಣದ ಅಡ್ಡಳತೆ 4.55 ಮೀಟರ್. ತೂಕದ ವರ್ಗಗಳಿಲ್ಲ, ನೂರು ಕಿಲೋದವನ ಮುಂದೆ ಇನ್ನೂರು ಕಿಲೋದವನು ಬರಬಹುದು. ಅಂಗಾಲು ಬಿಟ್ಟು ಮೈಯ ಬೇರೆ ಯಾವ ಭಾಗ ನೆಲಕ್ಕೆ ತಾಗಿದರೂ ಸೋಲು.

ಒಂದು ಮಾತು ಇಲ್ಲಿ ಹೇಳಲೇಬೇಕು. ಎದುರಿಗಿದ್ದ ಆ ಬೆಟ್ಟದಂಥ ಪೈಲ್ವಾನರ ಮೈಯಲ್ಲಿ 206 ಎಲುಬು. ಹುಟ್ಟಿದ ಮಗುವಿಗೆ ಸುಮಾರು 300. ಬೆಳೆಯುತ್ತಾ ಒಂದಕ್ಕೊಂದು ಕೂಡಿಕೊಂಡು ಕಡಿಮೆಯಾಗುತ್ತವೆ. ತಲೆಬುರುಡೆ, ಬೆನ್ನಿನ ಕೆಳಭಾಗದಲ್ಲೆಲ್ಲ ಹೀಗೇ ಆಗುವುದು. ಎಲುಬಿನ ಲೆಕ್ಕದಲ್ಲಿ ಪುಟ್ಟಿಯೇ ಮುಂದೆ. ಮೈ ಬೆಳೆಸುವುದರಲ್ಲೂ ಅಷ್ಟೇ: ಒಂದು ವರ್ಷದಲ್ಲಿ ಮಗುವಿನ ತೂಕ ಮೂರು ಪಟ್ಟಾಗುತ್ತದೆ. ಚಾಂಕೋ ಅನ್ನುವ ದೊಡ್ಡ ಪಾತ್ರೆಯ ಸಾರು ಉಂಡು ಮಧ್ಯಾಹ್ನ ಗೊರಕೆ ಹೊಡೆಯುವ ಪೈಲ್ವಾನರಿಗೂ ಇದು ಸಾಧ್ಯವಿಲ್ಲ.

ತಾಲೀಮು ಮುಗಿದ ಮೇಲೆ ಹೊರಗೆ ಬಂದ ಪೈಲ್ವಾನರೊಬ್ಬರ ಕೈಗೆ ತಂಗಿ ಪುಟ್ಟಿಯನ್ನು ಕೊಟ್ಟಳು. ಸುಮೋ ಪೈಲ್ವಾನ ಎತ್ತಿಕೊಂಡರೆ ಮಗು ಗಟ್ಟಿಮುಟ್ಟಾಗುತ್ತದೆ ಅಂತ ಇಲ್ಲಿಯ ತಾಯಂದಿರು ಕೇಳಿ ಎತ್ತಿಸಿಕೊಳ್ಳುತ್ತಾರೆ. ಅವರ ಜುಟ್ಟಿಗೆ ಹಚ್ಚುವ ಎಣ್ಣೆಗೆ ಮಿಠಾಯಿ ಅಂಗಡಿಯ ಘಮ. ಪುಟ್ಟಿ ಅಳಲಿಲ್ಲ. ಜುಟ್ಟು ಹಿಡಿದಳು.

ಆದರೆ ಇದೇ ಸುಮೋದ ವೃತ್ತಿಪರ ಕಣಕ್ಕೆ ಹೆಂಗಸರು ಹತ್ತುವಂತಿಲ್ಲ. 2018ರಲ್ಲಿ ಮೈಝುರು ಊರಿನಲ್ಲಿ ಮೇಯರ್ ಕಣದ ಮೇಲೆ ಕುಸಿದು ಬಿದ್ದಾಗ ಕಾಪಾಡಲು ಧಾವಿಸಿದ ಹೆಂಗಸರಿಗೆ ಕೆಳಗಿಳಿಯಿರಿ ಅಂತ ಮೈಕಿನಲ್ಲಿ ಹೇಳಿದರು. ಆಮೇಲೆ ಸುಮೋ ಸಂಘ ಕ್ಷಮೆ ಕೇಳಿತು, ನಿಯಮ ಮಾತ್ರ ಬದಲಾಗಲಿಲ್ಲ. ಅಸಾಕುಸಾದಲ್ಲಿ ಹೆಣ್ಣುಮಗುವೂ ಅತ್ತು ಗೆಲ್ಲಬಹುದು, ಬೆಳೆದ ಮೇಲೆ ಈ ಕಣಕ್ಕೆ ಕಾಲಿಡುವ ಹಾಗಿಲ್ಲ. ಸಂಪ್ರದಾಯ ಅಂದರೆ ಎಲ್ಲ ಕಡೆಯೂ ಇದೇ ಕಥೆ, ಅಲ್ವಾ?

ಮಂಗಳವಾರ, ಕ್ಯೋಟೊ

ಬುಲೆಟ್ ರೈಲಿನಲ್ಲಿ ಎರಡೂಕಾಲು ಗಂಟೆ. ಪುಟ್ಟಿಗೆ ಟಿಕೆಟ್ ಇಲ್ಲ. ಈ ರೈಲಿನ ಐಸ್‌ಕ್ರೀಂ ಗಟ್ಟಿತನಕ್ಕೇ ಹೆಸರುವಾಸಿ. ಗಾಡಿ ತಳ್ಳಿಕೊಂಡು ಬಂದು ಮಾರುವುದು 2023ರಲ್ಲಿ ನಿಂತಿದೆ, ಈಗ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಸಿಗುತ್ತದೆ. ಟೋಕಿಯೊದಲ್ಲಿ ಕೊಂಡದ್ದಕ್ಕೆ ಚಮಚ ಇಳಿಯುವಷ್ಟರಲ್ಲಿ ಎಷ್ಟೋ ಊರು ಹಿಂದಾಗಿತ್ತು.

ಕ್ಯೋಟೊದಲ್ಲಿ ದೇವಾಲಯಗಳನ್ನು ಎಲ್ಲರೂ ಬರೆದಿದ್ದಾರೆ, ನಾನು ಬಿಡುತ್ತೇನೆ. ನನ್ನ ಗುರಿ ಕೊಂಪೆಯಿತೋ. ಮೈತುಂಬ ಪುಟ್ಟ ಮುಳ್ಳುಗಳಿರುವ ಬಣ್ಣದ ಸಕ್ಕರೆ ಕಾಳು. ಪೋರ್ಚುಗೀಸರು ತಂದ ಸಿಹಿ. 1569ರಲ್ಲಿ ಪಾದ್ರಿ ಲೂಯಿಸ್ ಫ್ರೋಯಿಸ್ ಇದನ್ನು ಒದಾ ನೊಬುನಾಗ ಅನ್ನುವ ದಂಡನಾಯಕನಿಗೆ ಗಾಜಿನ ಭರಣಿಯಲ್ಲಿ ಕಾಣಿಕೆ ಕೊಟ್ಟ. ಓರೆಯಾಗಿ ತಿರುಗುವ ಬಿಸಿ ಬಾಣಲೆಯಲ್ಲಿ ಸಣ್ಣ ಕಾಳು ಹಾಕಿ, ಸಕ್ಕರೆ ಪಾಕವನ್ನು ಸ್ವಲ್ಪಸ್ವಲ್ಪವೇ ಎರೆಯುತ್ತಾರೆ. ದಿನಕ್ಕೆ ಒಂದು ಮಿಲಿಮೀಟರಿನಷ್ಟೂ ಬೆಳೆಯುವುದಿಲ್ಲ. ಮುಗಿಯಲು ಎರಡು ವಾರ ಹಿಡಿಯುತ್ತದೆ.

ಇದನ್ನು ನೋಡಿದಾಗ ಸಂಕ್ರಾಂತಿಯ ಕುಸುರೆಳ್ಳು ನೆನಪಾಗದೆ ಇರಲು ಸಾಧ್ಯವಿಲ್ಲ. ಮಂದ ಉರಿಯ ಮೇಲೆ ಎಳ್ಳು, ಚಮಚ ಚಮಚ ಪಾಕ, ಬೆರಳಿನಿಂದ ಆಡಿಸುತ್ತಾ ಆಡಿಸುತ್ತಾ ಮುಳ್ಳು ಏಳಿಸುವುದು. ಕೆಲಸ ಅದೇ, ತಾಳ್ಮೆ ಅದೇ. ನಮ್ಮಲ್ಲಿ ಅದು ಎಳ್ಳುಬೆಲ್ಲದ ಜೊತೆ ಮನೆಮನೆಗೆ ಹೋಗುತ್ತದೆ. ಇಲ್ಲಿ ರಾಜಮನೆತನದ ಮದುವೆ ಮುಂತಾದ ಸಮಾರಂಭಗಳಲ್ಲಿ ಪುಟ್ಟ ಬೆಳ್ಳಿ ಡಬ್ಬಿಯಲ್ಲಿ ಅತಿಥಿಗಳ ಕೈ ಸೇರುತ್ತದೆ. ತುರ್ತು ಕಾಲಕ್ಕೆಂದು ಇಡುವ ಗಟ್ಟಿ ಬಿಸ್ಕತ್ತಿನ ಡಬ್ಬಿಯಲ್ಲೂ ನಾಲ್ಕು ಕಾಳು ಇರುತ್ತದೆ. ಸಿಹಿಗೆ ಬಾಯಲ್ಲಿ ನೀರೂರಿ ಒಣ ಬಿಸ್ಕತ್ತು ಇಳಿಯಲಿ ಅಂತ.

ಪುಟ್ಟಿಗೆ? ಊಹುಂ. ಗಂಟಲಿಗೆ ಸಿಕ್ಕಿಕೊಳ್ಳಲು ಹೇಳಿ ಮಾಡಿಸಿದ ಗಾತ್ರ.

ಬುಧವಾರ, ಒಸಾಕಾ ಮತ್ತು ಕೋಶಿಯೆನ್

ಒಸಾಕಾದ ದೋತೊಂಬೊರಿ ಕಾಲುವೆಯ ಪಕ್ಕದಲ್ಲಿ ಎರಡೂ ಕೈ ಎತ್ತಿ ಓಡುವ ಕ್ರೀಡಾಳುವಿನ ಭಾರಿ ದೀಪದ ಫಲಕವಿದೆ. ಎಲ್ಲರೂ ಅದರ ಮುಂದೆ ಅದೇ ಭಂಗಿಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅದು ಮಿಠಾಯಿಯ ಜಾಹೀರಾತು. ಗ್ಲಿಕೊ ಕಂಪನಿಯ ಸ್ಥಾಪಕ ಎಝಾಕಿ ರಿಯಿಚಿ 1922ರಲ್ಲಿ ಮಕ್ಕಳಿಗಾಗಿ ಕ್ಯಾರಮೆಲ್ ತಂದರು. ಸಿಂಪಿಯಿಂದ ತೆಗೆದ ಗ್ಲೈಕೊಜನ್ ಅದರಲ್ಲಿತ್ತು. ಘೋಷವಾಕ್ಯ: ಒಂದು ಮಿಠಾಯಿಗೆ 300 ಮೀಟರ್. ಒಂದು ತಿಂದರೆ ಅಷ್ಟು ದೂರ ಓಡುವ ಶಕ್ತಿ ಸಿಗುತ್ತದೆ ಅಂತ. ಮೊದಲ ಫಲಕ 1935ರದು, ಈಗಿನದು 2014ರದು, ಆರನೆಯದು. ನಾನು ಇಷ್ಟು ದಿನ ತಿಂದ ಸಿಹಿಗೆ ಎಷ್ಟು ಓಡಬೇಕು ಅಂತ ಲೆಕ್ಕ ಹಾಕಲು ಹೋಗಲಿಲ್ಲ.

ಸಂಜೆ ಕೋಶಿಯೆನ್. 1924ರಲ್ಲಿ ಕಟ್ಟಿದ ಬೇಸ್‌ಬಾಲ್ ಕ್ರೀಡಾಂಗಣ. ಬೇಸ್‌ಬಾಲನ್ನು ಜಪಾನಿಗೆ ಕಲಿಸಿದ್ದು ಹೊರೇಸ್ ವಿಲ್ಸನ್ ಅನ್ನುವ ಅಮೆರಿಕದ ಮೇಷ್ಟ್ರು, 1872ರಲ್ಲಿ. ಈಗ ನಮಗೆ ಕ್ರಿಕೆಟ್ ಇದ್ದಂತೆ ಇವರಿಗೆ ಇದು. ಬೇಸಿಗೆಯಲ್ಲಿ ನಡೆಯುವ ಹೈಸ್ಕೂಲು ಹುಡುಗರ ಪಂದ್ಯಾವಳಿಗೆ ಇಡೀ ದೇಶ ಟಿವಿ ಮುಂದೆ ಕೂರುತ್ತದೆ. ಸೋತ ಹುಡುಗರು ಅಳುತ್ತಾ ಮೈದಾನದ ಮಣ್ಣನ್ನು ಚೀಲಕ್ಕೆ ತುಂಬಿಕೊಂಡು ಹೋಗುತ್ತಾರೆ. ಅಳುವಿಗೆ ಇಲ್ಲಿ ಬಹುಮಾನವಿಲ್ಲ. ಆದರೂ ಯಾರೂ ಅವರನ್ನು ಗೇಲಿ ಮಾಡುವುದಿಲ್ಲ.

ಕ್ರೀಡಾಂಗಣದಲ್ಲಿ ಅಮೆರಿಕದ ಹೆಸರಾಂತ ಬೇಸ್‌ಬಾಲ್ ಆಟಗಾರ ಬೇಬ್ ರೂತ್ ಸ್ಮಾರಕವಿದೆ. 1934ರಲ್ಲಿ ಇಲ್ಲಿ ಬಂದು ಆಡಿದ್ದ. ಅವನ ವಿಷಯದಲ್ಲೂ ಮಗು, ಮಿಠಾಯಿ, ಆಟ ಮೂರೂ ಕೂಡಿವೆ. ಅಮೆರಿಕದಲ್ಲಿ 'ಬೇಬಿ ರೂತ್' ಅನ್ನುವ ಚಾಕೊಲೇಟ್ ಬಂದಾಗ ಎಲ್ಲರೂ ಅದು ಇವನ ಹೆಸರು ಅಂದುಕೊಂಡರು. ಕಂಪನಿ ಮಾತ್ರ, ಇಲ್ಲ ಇಲ್ಲ, ಅಮೆರಿಕದ ಹಿಂದಿನ ಅಧ್ಯಕ್ಷ ಕ್ಲೀವ್‌ಲ್ಯಾಂಡರ ಮಗಳು ರೂತ್ ಹೆಸರು ಅಂದಿತು. ಆ ಮಗು ತೀರಿಕೊಂಡು ಆಗಲೇ ಹದಿನೈದಕ್ಕೂ ಹೆಚ್ಚು ವರ್ಷವಾಗಿತ್ತು. ನಂಬುವುದು ಬಿಡುವುದು ನಿಮ್ಮಿಷ್ಟ.

ಗುರುವಾರದಿಂದ ಭಾನುವಾರದವರೆಗೆ ಪುಟ್ಟಿಗೆ ಶೀತ, ನಾವು ಟೋಕಿಯೊದ ಮನೆಯಲ್ಲೇ. ಬರೆಯುವಂಥದ್ದು ಏನಿಲ್ಲ.

ಸೋಮವಾರ, ಮೇ 5

ಮಕ್ಕಳ ದಿನ, ಸರ್ಕಾರಿ ರಜೆ. ನದಿಯ ಮೇಲೆ, ಮನೆಗಳ ಮುಂದೆ ಬಟ್ಟೆಯ ಕಾರ್ಪ್ ಮೀನುಗಳು ಗಾಳಿಗೆ ಉಬ್ಬಿ ಹಾರುತ್ತವೆ. ಇಷ್ಟೆಲ್ಲ ಸಂಭ್ರಮವಿದ್ದರೂ ಮಕ್ಕಳೇ ಕಡಿಮೆ. 2016ರಲ್ಲಿ ಮೊದಲ ಸಲ ವರ್ಷದ ಜನನ ಹತ್ತು ಲಕ್ಷಕ್ಕಿಂತ ಕೆಳಗಿಳಿಯಿತು. 2024ರಲ್ಲಿ ಏಳು ಲಕ್ಷವೂ ಇಲ್ಲ, ಸುಮಾರು 6.86 ಲಕ್ಷ. ಪಾರ್ಕಿನಲ್ಲಿ ಪುಟ್ಟಿಯನ್ನು ಮಾತಾಡಿಸಲು ಅಜ್ಜ ಅಜ್ಜಿಯರು ಸಾಲಾಗಿ ಬಂದದ್ದು ಯಾಕೆ ಅಂತ ಆಗ ಅರ್ಥವಾಯಿತು.

ಈ ದಿನದ ಸಿಹಿ ಕಾಶಿವಾ ಮೋಚಿ. ಓಕ್ ಜಾತಿಯ ಎಲೆಯಲ್ಲಿ ಸುತ್ತಿದ, ಹೂರಣ ತುಂಬಿದ ಮೋಚಿ. ಹೊಸ ಚಿಗುರು ಬರುವವರೆಗೆ ಆ ಮರದ ಹಳೆಯ ಎಲೆ ಉದುರುವುದಿಲ್ಲ. ಹಾಗೇ ಮನೆತನ ಬೆಳೆಯಲಿ ಅಂತ ಆಶಯ. ಎಲೆ ತಿನ್ನಬಾರದು. ಚೆರ್ರಿ ಹೂವಿನ ಕಾಲದ ಸಾಕುರಾ ಮೋಚಿಯ ಉಪ್ಪುಹಾಕಿದ ಎಲೆಯನ್ನು ಮಾತ್ರ ತಿನ್ನಬಹುದು.

ಕೊನೆಗೂ ಪುಟ್ಟಿಯ ಪಾಲಿಗೆ ಒಂದು ಸಿಹಿ ಸಿಕ್ಕಿತು. ತಾಮಾಗೋ ಬೋರೋ, ಕಡಲೆಕಾಳಿನಷ್ಟು ದೊಡ್ಡ ದುಂಡು ಬಿಸ್ಕತ್ತು. ಆಲೂಗಡ್ಡೆ ಹಿಟ್ಟು, ಮೊಟ್ಟೆ, ಸಕ್ಕರೆ. ನಾಲಿಗೆಗೆ ತಾಗಿದ ಕೂಡಲೇ ಕರಗುವುದರಿಂದ ಎಳೆಮಕ್ಕಳಿಗೆಂದೇ ಮಾರುತ್ತಾರೆ. ಅವಳು ಒಂದನ್ನು ಬಾಯಿಗೆ ಹಾಕಿಕೊಂಡು, ಮಾಯವಾದ ಮೇಲೆ ಬಾಯೊಳಗೆ ಬೆರಳಿಟ್ಟು ಹುಡುಕಿದಳು.

ಮನೆಗೆ ತರಲು ನಾನು ಆರಿಸಿದ್ದು ಯೋಕಾನ್. ಹೂರಣಕ್ಕೆ ಸಕ್ಕರೆ, ಕಡಲಪಾಚಿಯ ಅಗರ್ ಸೇರಿಸಿ ಗಟ್ಟಿ ಮಾಡಿದ ಬರ್ಫಿಯಂಥದ್ದು. ಹಾಲಿಲ್ಲ, ಮೊಟ್ಟೆಯಿಲ್ಲ, ತಿಂಗಳುಗಟ್ಟಲೆ ಕೆಡುವುದಿಲ್ಲ. ಓಟಗಾರರು, ಸೈಕಲ್ ಸವಾರರು ದಾರಿಯಲ್ಲಿ ತಿನ್ನಲೆಂದು ಇಮುರಾಯಾ ಕಂಪನಿ 'ಸ್ಪೋರ್ಟ್ಸ್ ಯೋಕಾನ್' ಅಂತಲೇ ಮಾಡುತ್ತದೆ. ಒಂದೇ ಕೈಯಲ್ಲಿ ಒತ್ತಿದರೆ ಬಾಯಿಗೆ ಬರುತ್ತದೆ. ಅದನ್ನೂ ನಾಲ್ಕು ಹಾಕಿಕೊಂಡೆ.

ಮೈಸೂರಿನಲ್ಲಿ ಅಮ್ಮ ಒಂದು ತುಂಡು ಬಾಯಿಗೆ ಹಾಕಿ ನಿಧಾನವಾಗಿ ಅಗಿದರು. "ರುಚಿ ಚೆನ್ನಾಗಿದೆ. ಆದ್ರೆ ಒಂದು ಚಮಚ ತುಪ್ಪ ಹಾಕಿದ್ರೆ ಇವರ ಗಂಟೇನು ಹೋಗ್ತಿತ್ತು?" ಅಂದರು.